ಚತುರ್ಮುಖದಲ್ಲಿ ನನ್ನ ಪಾಲಿನ ಹೊಳೆ

ಸುರೇಬಾನ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ಸುರೇಬಾನದ ನಮ್ಮ ಸೋದರಮಾವ. ಬಸ್ ನಿಲ್ದಾಣದ ಎದುರಿಗೆ ಅವರ ಪಂಕ್ಚರ್ ಅಂಗಡಿ. ಲಾರಿಯ ಟ್ಯೂಬನ್ನು ನೀರಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತ, ತಲೆ ಎತ್ತದೆಯೇ ಹೇಳಿದರು.

“ಸುಜಾತಾ, ಇದು ಆಗೂ ಮಾತಲ್ಲವಾ. ನೀರು ಅಳಿಯಾಕ ಪರದೇಶಕ್ಕ ಯಾಕ ಹೋಗಬೇಕು? ನಮ್ಮ ಹೊಳಿ ಏನು ಬತ್ತಿ ಹೋಗೇತೇನು?”

ಅವರ ಮಾತಿನಲ್ಲಿ ಕೇಡಿರಲಿಲ್ಲ, ಅಂಜಿಕೆ ಇತ್ತು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಹತ್ತನೆಯ ತರಗತಿ ದಾಟಿದವರಿಲ್ಲ. ಅಪ್ಪ ಗೌಂಡಿ, ಮನೆ ಕಟ್ಟುವ ಕೆಲಸ. ಅವ್ವ ನಮ್ಮೂರು ರಾಮದುರ್ಗದ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ನಾನು ಬೈಲಹೊಂಗಲದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮುಗಿಸಿದೆ. ಕಿತ್ತೂರಿನ ಒಂದು ಖಾಸಗಿ ಶಾಲೆಯಲ್ಲಿ ಸ್ವಲ್ಪ ದಿನ ಪಾಠ ಹೇಳಿದೆ. ಆಮೇಲೆ ಮುನವಳ್ಳಿಯ ಹತ್ತಿರ, ನವಿಲುತೀರ್ಥದ ಕಡೆ, ನದಿಯ ನೀರು ಅಳೆಯುವ ಒಂದು ಕಚೇರಿಗೆ ಗುತ್ತಿಗೆಯ ಮೇಲೆ ಸೇರಿದೆ. ‘ನೀರು ಅಳೆಯುವ ಕಚೇರಿ’ ಎಂದು ಓಣಿಯಲ್ಲಿ ಎದೆಯುಬ್ಬಿಸಿ ಹೇಳಿಕೊಂಡದ್ದೇ ಬಂತು, ನನ್ನ ಕೈಗೆ ನೀರು ತಾಗಲೇ ಇಲ್ಲ. ಗಂಡಸರು ಜೀಪಿನಲ್ಲಿ ಹೊಳೆಗೆ ಹೋಗಿ ಅಳೆದು ಬರುತ್ತಿದ್ದರು. ಅವರು ತಂದ ಅಂಕಿಗಳನ್ನು ಫ್ಯಾನಿನ ಕೆಳಗೆ ಕುಳಿತು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ.

ನನ್ನನ್ನೂ ಹೊಳೆಗೆ ಕಳಿಸಿ ಎಂದು ಕೇಳಿದಾಗೆಲ್ಲ ಸಾಹೇಬರು ಆಮೇಲೆ ನೋಡೋಣ ಎನ್ನುತ್ತಿದ್ದರು. ಕಾಂಬೋಡಿಯಾದಲ್ಲಿ ನದಿ ಅಳತೆಯ ತರಬೇತಿಗೆ ನಾನು ಅರ್ಜಿ ಹಾಕಿ, ಆಯ್ಕೆಯಾಗಿ, ಕಾಗದ ತಂದು ಅವರ ಮೇಜಿನ ಮೇಲೆ ಇಟ್ಟಾಗ ಮಾತ್ರ ಅವರು ಕನ್ನಡಕ ತೆಗೆದರು.

“ಪಾಸಾಗಿ ಸರ್ಟಿಫಿಕೇಟ್ ತಂದ್ರ ಅಳತಿ ಕೆಲಸಕ್ಕ ಹಚ್ಚತೇನಿ. ಬರೇ ಹೋಗಿಬಂದ್ರ ಮತ್ತ ಕಂಪ್ಯೂಟರ್ ಮುಂದನ ನೋಡ್ರಿ. ಆಮ್ಯಾಲ ನನ್ನ ಹತ್ರ ಬರಬಾರದು.”

ಬರುವುದಿಲ್ಲ ಎಂದೆ.

ನಾಮ್ ಪೆನ್

ವಿಮಾನ ನಿಲ್ದಾಣದಲ್ಲಿ ನನ್ನನ್ನು ತಡೆದದ್ದು ಗುರೆಳ್ಳು ಚಟ್ನಿ. ಅವ್ವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒತ್ತಿ ತುಂಬಿಸಿದ್ದಳು. ಕರಿ ಪುಡಿ ಕಂಡ ಅಧಿಕಾರಿ ಇನ್ನೊಬ್ಬನನ್ನು ಕರೆದ, ಆತ ಮತ್ತೊಬ್ಬನನ್ನು ಕರೆದ. ಮೂವರೂ ಡಬ್ಬಿಯ ಸುತ್ತ ನಿಂತರು. ಅದರ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಬರಲಿಲ್ಲ. ಕೊನೆಗೆ ನಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ವಯಸ್ಸಾದ ಅಧಿಕಾರಿಯೂ ಒಂದು ಚಿಟಿಕೆ ತೆಗೆದುಕೊಂಡ, ಕಣ್ಣಲ್ಲಿ ನೀರು ಬಂತು, ಇನ್ನೊಂದು ಚಿಟಿಕೆ ತೆಗೆದುಕೊಂಡು, ಹೋಗು ಎಂದು ಕೈಮಾಡಿದ.

ನಾಮ್ ಪೆನ್ ಆ ದೇಶದ ರಾಜಧಾನಿ, ನದಿಯ ದಂಡೆಗೇ ಇದೆ. ನಮ್ಮಂತೆಯೇ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ, ನೆಲದ ಮೇಲೆ ಕಾಲು ಮಡಚಿ ಉಣ್ಣುತ್ತಾರೆ. ಕಬ್ಬಿನ ಹಾಲಿನ ಗಾಣ ಅಲ್ಲೂ ಮೂಲೆಮೂಲೆಗೆ. ಆದರೆ ಕಬ್ಬಿನ ಜೊತೆ ನಾವು ನಿಂಬೆ, ಶುಂಠಿ ಇಡುವಲ್ಲಿ ಅವರು ಸಣ್ಣ ಕಿತ್ತಳೆ ಇಡುತ್ತಾರೆ. ಟೀಚರಮ್ಮನಿಗೆ ‘ನೆಅಕ್ ಕ್ರೂ’ ಎನ್ನುತ್ತಾರೆ. ಕ್ರೂ ಅಂದರೆ ನಮ್ಮ ಗುರುವೇ. ನಮ್ಮ ಟೀಚರು ಐವತ್ತು ದಾಟಿದ ಗಿಡ್ಡ ಹೆಂಗಸು, ಸೋಫಿಯಾಪ್ ಎಂದು ಹೆಸರು. ಅವರು ನಗುವುದು ಕಡಿಮೆ. ಯಾರಾದರೂ ಉತ್ತರ ಹೇಳಿದರೆ ಸರಿ ತಪ್ಪು ಹೇಳದೆ, “ಅದು ನಿನಗೆ ಹೇಗೆ ಗೊತ್ತು?” ಎಂದು ಕೇಳುವುದು ಅವರ ರೂಢಿ. ಆ ಪ್ರಶ್ನೆಗೆ ಇಡೀ ತರಗತಿ ಅಂಜುತ್ತಿತ್ತು.

ನಮ್ಮ ಅಜ್ಜನ ಕಾಲಕ್ಕೇ ನಮ್ಮ ಮನೆಯವರು ಬೌದ್ಧರಾದದ್ದು. ಹಾಗಾಗಿ ಓಣಿ ಓಣಿಗೆ ಬುದ್ಧನ ಗುಡಿ ಇರುವ ಆ ಊರಿನಲ್ಲಿ ನನಗೆ ತವರಿಗೆ ಬಂದ ಹಾಗೆ ಇರುತ್ತದೆಂದು ಹೊರಟಾಗಲೇ ಅಂದುಕೊಂಡಿದ್ದೆ. ಮೊದಲ ರವಿವಾರ ಒಂದು ವಿಹಾರಕ್ಕೆ ಹೋಗಿ, ಎಳೆಯ ಭಿಕ್ಷುವೊಬ್ಬನಿಗೆ ತಾವರೆ ಹೂ ಕೊಡಲು ಕೈ ಚಾಚಿದೆ. ಆತ ಎರಡು ಹೆಜ್ಜೆ ಹಿಂದೆ ಸರಿದ.

ಎದುರಿಗಿನವರು ಹಿಂದೆ ಸರಿಯುವುದು ಅಂದರೆ ಏನೆಂದು ನಮ್ಮ ಓಣಿಯವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ನನ್ನ ಮುಖ ಕಾದ ಹಂಚಿನ ಹಾಗಾಯಿತು. ಜೊತೆಗಿದ್ದ, ನಮ್ಮ ತರಗತಿಯ ವಿಯೆಟ್ನಾಮಿನ ಹುಡುಗಿ ಲಾನ್ ನನ್ನ ತೋಳು ಹಿಡಿದು, ಭಿಕ್ಷುಗಳು ಯಾವ ಹೆಂಗಸಿನ ಕೈಯಿಂದಲೂ ನೇರವಾಗಿ ತೆಗೆದುಕೊಳ್ಳುವುದಿಲ್ಲ, ಮುಂದಿನ ಬಟ್ಟೆಯ ಮೇಲೆ ಇಡಬೇಕು, ರಾಣಿ ಬಂದರೂ ಇದೇ ನಿಯಮ ಎಂದು ಹೇಳಿದಳು. ಭಿಕ್ಷು ಕೂಡ ತಲೆ ಬಾಗಿಸಿ ಬಟ್ಟೆ ಹಾಸಿದ. ಹೂ ಇಟ್ಟೆ. ತಿಳಿಯಿತು, ಆದರೂ ಆ ಎರಡು ಹೆಜ್ಜೆ ಸಂಜೆಯವರೆಗೆ ಎದೆಯಲ್ಲಿ ಕುಂತಿದ್ದವು. ಲಾನ್ ಅಂದಿನಿಂದ ನನ್ನ ಗೆಳತಿಯಾದಳು.

ಚತುರ್ಮುಖ

ಮೆಕೊಂಗ್ ಎಂಬುದು ಟಿಬೆಟಿನ ಎತ್ತರದಲ್ಲಿ ಹುಟ್ಟಿ ಚೀನಾ, ಲಾವೋಸ್, ಥಾಯ್ಲೆಂಡುಗಳ ಮಗ್ಗುಲಲ್ಲಿ ಇಳಿದು, ಕಾಂಬೋಡಿಯಾ ದಾಟಿ, ವಿಯೆಟ್ನಾಮಿನಲ್ಲಿ ಸಮುದ್ರ ಸೇರುವ ನದಿ. ಕಣಕುಂಬಿಯಿಂದ ಕೂಡಲಸಂಗಮದವರೆಗಿನ ನಮ್ಮ ಮಲಪ್ರಭೆಯನ್ನು ಅದರ ಪಕ್ಕಕ್ಕೆ ಇಟ್ಟರೆ ಕಾಲುವೆಯಂತೆ ಕಂಡೀತು. ದಾರಿಯುದ್ದಕ್ಕೂ ಅದಕ್ಕೆ ಉಪನದಿಗಳು. ನಮ್ಮಲ್ಲಿ ಬೆಣ್ಣಿಹಳ್ಳ ಮಲಪ್ರಭೆಗೆ ನೀರು ತಂದು ಸುರಿಯುವಂತೆ ಅವೂ ಸುರಿಯುತ್ತವೆ. ಒಂದು ಮಾತ್ರ ಬೇರೆ.

ನಾಮ್ ಪೆನ್ನಿನ ಎದುರಿಗೆ ನಾಲ್ಕು ಹೊಳೆಗಳು ಒಂದೇ ಕಡೆ ಮುಖ ಮಾಡಿ ನಿಲ್ಲುತ್ತವೆ. ಆ ಜಾಗಕ್ಕೆ ಅವರು ಚಾಕ್ತೊಮುಕ್ ಎನ್ನುತ್ತಾರೆ. ಚತುರ್ಮುಖ ಎಂದು ಬಿಡಿಸಿ ಹೇಳಿದಾಗ ಟೀಚರು ಮೊದಲ ಸಲ ನನ್ನ ಕಡೆ ಸರಿಯಾಗಿ ನೋಡಿದರು. ಮೇಲಿನಿಂದ ಮೆಕೊಂಗ್ ಬರುತ್ತದೆ. ಕೆಳಗೆ ಎರಡಾಗಿ ಹೋಗುತ್ತದೆ: ಒಂದು ಮೆಕೊಂಗೇ, ಇನ್ನೊಂದು ಬಾಸಾಕ್. ನಾಲ್ಕನೆಯದು ಟೊನ್ಲೆ ಸಾಪ್, ಅಂದರೆ ಸಿಹಿನೀರ ಹೊಳೆ. ಉತ್ತರದಲ್ಲಿರುವ ಒಂದು ದೊಡ್ಡ ಸರೋವರದಿಂದ ಬರುತ್ತದೆ. ಬೇಸಿಗೆಯಲ್ಲಿ ಅದು ಸರೋವರದ ನೀರನ್ನು ತಂದು ಮೆಕೊಂಗಿಗೆ ಕೊಡುತ್ತದೆ. ಮಳೆಗಾಲದಲ್ಲಿ ಮೆಕೊಂಗ್ ಉಬ್ಬಿದಾಗ ಅದೇ ಹೊಳೆ ತಿರುಗಿ, ಮೆಕೊಂಗಿನ ನೀರನ್ನು ಹೊತ್ತು ಸರೋವರಕ್ಕೆ ಹೋಗುತ್ತದೆ. ಹೊಳೆ ಮತ್ತೆ ಇತ್ತ ತಿರುಗುವ ಹೊತ್ತಿಗೆ ಅಲ್ಲಿಯವರು ದೊಡ್ಡ ಹಬ್ಬ ಮಾಡುತ್ತಾರೆ, ಉದ್ದುದ್ದ ದೋಣಿಗಳ ಪಂದ್ಯ ಇಡುತ್ತಾರೆ.

ನಾವು ಇದ್ದದ್ದು ಹಬ್ಬದ ಹೊಸ್ತಿಲಲ್ಲಿ. ಹೊಳೆ ತಿರುಗಿದೆಯೋ ಇಲ್ಲವೋ ಹೇಳುವುದು ಕಷ್ಟವಾದ ದಿನಗಳು. ಪರೀಕ್ಷೆಯನ್ನು ಬೇಕೆಂದೇ ಆಗ ಇಟ್ಟಿದ್ದರು.

ನಾಲ್ಕು ಜನರ ಒಂದು ಗುಂಪು, ಒಬ್ಬೊಬ್ಬರಿಗೆ ಒಂದೊಂದು ಹೊಳೆ. ಬೆಳಿಗ್ಗೆ ಅಳೆದು ಬರಬೇಕು. ಒಳಗೆ ಬಂದ ನೀರು, ಹೊರಗೆ ಹೋದ ನೀರು ಒಂದಕ್ಕೊಂದು ತಾಳೆಯಾಗಬೇಕು. ಆಗದಿದ್ದರೆ ನಾಲ್ವರೂ ನಪಾಸು. ಬಂದು ಹೋದದ್ದಕ್ಕೆ ಒಂದು ಹಾಳೆ ಕೊಡುತ್ತಾರೆ, ಅಷ್ಟೇ. ದೋಣಿಯವರನ್ನಾಗಲಿ ದಂಡೆಯವರನ್ನಾಗಲಿ ಏನೂ ಕೇಳುವಂತಿಲ್ಲ. ಪತ್ರಿಕೆ, ಫೋನು ನೋಡುವಂತಿಲ್ಲ. ಹೊಳೆ ಯಾವ ಕಡೆ ಹರಿಯುತ್ತದೆ ಎಂಬುದನ್ನೂ ನಾವೇ ಕಂಡು ಹೇಳಬೇಕು.

ಮೇಲಿನ ಮೆಕೊಂಗ್ ಲಾವೋಸಿನ ಖಾಂಪೆಗೆ ಬಂತು. ಮಾತು ಕಡಿಮೆ ಆಡುವ ಮನುಷ್ಯ. ಕೆಳಗಿನ ಮೆಕೊಂಗ್ ನೇಪಾಳದ ಬಿಷ್ಣುವಿಗೆ. ಅವನು ಎಂಜಿನಿಯರ್, ಅದನ್ನು ದಿನಕ್ಕೊಮ್ಮೆ ನೆನಪಿಸುವವನು. ಬಾಸಾಕ್ ಲಾನ್‌ಗೆ. ನನಗೆ ಟೊನ್ಲೆ ಸಾಪ್.

ಹಿಂದಿನ ದಿನ ಅವ್ವನಿಗೆ ಫೋನ್ ಮಾಡಿದ್ದೆ. ಪರೀಕ್ಷೆ ಎಂದರೆ ಅವಳಿಗೆ ಬರೆಯುವುದೇ. ದೋಣಿಯಲ್ಲಿ ಪರೀಕ್ಷೆ ಎಂದದ್ದಕ್ಕೆ “ನಡುವ ಕುಂಡ್ರು. ಅಂಚಿಗಿ ಕುಂಡ್ರಬ್ಯಾಡ” ಎಂದಳು.

ಟೊನ್ಲೆ ಸಾಪ್, ಬೆಳಿಗ್ಗೆ

ನನ್ನ ದೋಣಿಯ ಒಡತಿಗೆ ಎಲ್ಲರೂ ಮಿಂಗ್ ಎನ್ನುತ್ತಿದ್ದರು. ಮಿಂಗ್ ಅಂದರೆ ಚಿಕ್ಕಮ್ಮ. ದೋಣಿಯೇ ಅವಳ ಮನೆ. ಹಿಂದುಗಡೆ ಒಲೆ, ಪಾತ್ರೆ, ತೊಳೆದು ಹಾಕಿದ ಬಟ್ಟೆ. ನಮಗೆ ಏನೂ ಹೇಳಬಾರದೆಂದು ಅವಳಿಗೂ ಕಟ್ಟಪ್ಪಣೆಯಾಗಿತ್ತು. ಹೀಗಾಗಿ ನಾನು ಸುಮ್ಮನೆ ಅವಳ ಕಡೆ ನೋಡಿದರೂ ಹೆಗಲ ಮೇಲಿನ ವಸ್ತ್ರ ಬಾಯಿಗೆ ಹಿಡಿದು ಬೇರೆ ಕಡೆ ತಿರುಗುತ್ತಿದ್ದಳು.

ಅಂದು ಉತ್ತರದಿಂದ ಜೋರು ಗಾಳಿ. ದೋಣಿ ಅಡ್ಡಡ್ಡ ಹೊಯ್ದಾಡುತ್ತಿತ್ತು. ಈಜು ಬಾರದ ನಾನು ತೊಟ್ಟ ಕಿತ್ತಳೆ ಬಣ್ಣದ ಜಾಕೀಟು ಗಂಟಲಿಗೆ ಒತ್ತುತ್ತಿತ್ತು. ನೀರಿನ ವೇಗ ಅಳೆಯುವ ಮೀಟರ್ ಅಂದರೆ ಒಂದು ಸಣ್ಣ ಫ್ಯಾನು, ಹಿಂದೆ ಮೀನಿನ ಬಾಲದಂಥ ತಗಡು, ಕೆಳಗೆ ಸೀಸದ ಗುಂಡು. ತಂತಿಯಲ್ಲಿ ಕೆಳಗೆ ಇಳಿಸಿದರೆ ನೀರಿನ ರಭಸಕ್ಕೆ ತಿರುಗುತ್ತದೆ, ತಿರುಗಿದಷ್ಟು ಸಲ ಟಿಕ್ ಟಿಕ್ ಎನ್ನುತ್ತದೆ. ದಂಡೆಯಿಂದ ದಂಡೆಗೆ, ಜಾಗ ಜಾಗದಲ್ಲಿ ನಿಲ್ಲಿಸಿ, ಆಳ ನೋಡಿ, ಟಿಕ್ಕುಗಳನ್ನು ಎಣಿಸಿದೆ. ಎಲ್ಲೂ ಅವಸರ ಮಾಡಲಿಲ್ಲ. ಕೈ ಮರಗಟ್ಟಿದರೂ ಬಿಡಲಿಲ್ಲ. ಕೊನೆಯ ಜಾಗ ಮುಗಿದಾಗ, ಇನ್ನು ನನ್ನನ್ನು ಕಂಪ್ಯೂಟರಿನ ಮುಂದೆ ಕೂಡಿಸುವವರು ಯಾರು ಎಂದುಕೊಂಡೆ.

ಉಳಿದದ್ದು ದಿಕ್ಕು. ನೀರು ಎಷ್ಟು ಜೋರು ಎಂದು ಮೀಟರ್ ಹೇಳುತ್ತದೆ, ಯಾವ ಕಡೆಗೆ ಎಂದು ಹೇಳುವುದಿಲ್ಲ. ಕೆಸರು ನೀರಿನಲ್ಲಿ ಒಂದು ಮೊಳ ಕೆಳಗೆ ಹೋದರೆ ಅದರ ಬಾಲ ಕಾಣುವುದಿಲ್ಲ.

ಇದಕ್ಕೆ ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ನಮ್ಮೂರ ಹೊಳೆಗೆ ಇಳಿಯಲು ಪಾವಟಿಗೆಗಳಿವೆ. ಹೊಳೆ ಹರಿದು ಬರುವ ಮೇಲುಗಡೆಯವು ಊರಿನವರವು, ಹರಿದು ಹೋಗುವ ಕೆಳಗಿನ ಕೊನೆಯವು ನಮ್ಮ ಓಣಿಯವು. ಹಿಂದೆ ಯಾರೋ ಹಾಗೆ ಗೊತ್ತುಮಾಡಿದ್ದು, ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಇಂದಿಗೂ ನಮ್ಮ ಹೆಂಗಸರ ಕಾಲು ಅಲ್ಲಿಗೇ ಹೋಗುತ್ತವೆ. ಕೊನೆಯ ಪಾವಟಿಗೆಯ ಮೇಲೆ ಬಟ್ಟೆ ಒಗೆಯುವವರಿಗೆ ಹೊಳೆಯ ಸುದ್ದಿಯೆಲ್ಲ ತೇಲಿ ಬರುತ್ತದೆ. ಮೇಲೆ ಪೂಜೆ ಆಯಿತೆಂದು ಹೂ ಹೇಳುತ್ತದೆ, ಬಟ್ಟೆ ಒಗೆದರೆಂದು ಸಾಬೂನಿನ ನೊರೆ ಹೇಳುತ್ತದೆ. ಮಳೆ ಎಲ್ಲಾಯಿತೆಂದು ತೇಲಿ ಬಂದ ಕಸ ಕಡ್ಡಿ ನೋಡಿಯೇ ಅವ್ವ ಹೇಳುತ್ತಾಳೆ. ತೇಲುವುದನ್ನು ನೋಡಿ ನದಿಯನ್ನು ತಿಳಿಯುವವರು ನಾವು.

ಟೊನ್ಲೆ ಸಾಪಿನ ಮೇಲೆ ಅಂತರಗಂಗೆಯ ಹಸಿರು ಗುಂಪುಗಳು ಒಂದರ ಹಿಂದೊಂದು ಸಂಗಮದ ಕಡೆಗೆ ತೇಲಿ ಹೊರಟಿದ್ದವು. ಯಾವುದೋ ವಿಹಾರದ ತಾವರೆ ಹೂಗಳೂ ಹೊರಟಿದ್ದವು. ಹೊಳೆ ತಿರುಗಿದೆ, ಮೆಕೊಂಗಿಗೆ ನೀರು ಕೊಡುತ್ತಿದೆ ಎಂದು ಬರೆದೆ.

ಮಿಂಗ್ ನನ್ನ ಕೈಯನ್ನೇ ನೋಡುತ್ತಿದ್ದವಳು ಒಲೆಯ ಕಡೆ ತಿರುಗಿ ಬೆಂಕಿ ಊದತೊಡಗಿದಳು.

ದಂಡೆಯ ಮೆಟ್ಟಿಲು, ಮಧ್ಯಾಹ್ನ

ಊಟದ ಮೇಲೆ ನಾಲ್ವರ ಅಂಕಿ ಕೂಡಿಸಿದರು. ತಾಳೆಯಾಗಲಿಲ್ಲ. ಸ್ವಲ್ಪ ಹೆಚ್ಚುಕಡಿಮೆಯಾಗಿದ್ದರೆ ಒಪ್ಪುತ್ತಿದ್ದರು. ನಮ್ಮದು ಹಾಗಿರಲಿಲ್ಲ. ಒಳಗೆ ಬಂದ ನೀರು ಬಹಳ, ಹೊರಗೆ ಹೋದದ್ದು ಕಡಿಮೆ. ನಡುವೆ ಒಂದು ನದಿಯಷ್ಟು ನೀರು ಎಲ್ಲಿಗೋ ಹೋಗಿತ್ತು.

ಟೀಚರು ಬೈಯಲಿಲ್ಲ. ಒಂದು ದೋಣಿ ಕೊಡುತ್ತೇನೆ, ಯಾವುದಾದರೂ ಒಂದೇ ಹೊಳೆಯನ್ನು ಮತ್ತೆ ನೋಡಬಹುದು, ಸೂರ್ಯ ಮುಳುಗುವುದರೊಳಗೆ ಉತ್ತರ ಬೇಕು ಎಂದು ಎದ್ದು ಹೋದರು.

ದಂಡೆಯ ಮೆಟ್ಟಿಲ ಮೇಲೆ ಕುಳಿತು ಜಗಳ ಶುರುವಾಯಿತು. ಜಗಳ ಇಂಗ್ಲಿಷಿನಲ್ಲಿ, ನಾಲ್ಕು ನಮೂನೆಯ ಇಂಗ್ಲಿಷಿನಲ್ಲಿ. ಬಿಷ್ಣುವಿನ ಲೆಕ್ಕ ಸರಳ. ಹೊರಗೆ ಹೋದ ನೀರು ಕಡಿಮೆ ಬಂದಿದೆ ಅಂದರೆ ಹೊರಗೆ ಹೋಗುವ ಎರಡು ಹೊಳೆಗಳಲ್ಲಿ ಒಂದನ್ನು ತಪ್ಪು ಅಳೆಯಲಾಗಿದೆ. ಒಂದು ಅವನದು, ಅದು ತಪ್ಪಾಗಲು ಸಾಧ್ಯವಿಲ್ಲ. ಉಳಿದದ್ದು ಲಾನ್‌ಳ ಬಾಸಾಕ್. ಅವಳು ದೋಣಿಯಲ್ಲಿ ವಾಂತಿ ಮಾಡಿಕೊಂಡದ್ದನ್ನು ಎಲ್ಲರೂ ನೋಡಿದ್ದೇವಲ್ಲ ಎಂದ.

“ವಾಂತಿ ಮಾಡಿದ್ದು ನಿಜ. ಒಂದು ಜಾಗವನ್ನೂ ಬಿಟ್ಟಿಲ್ಲ” ಎಂದಳು ಲಾನ್.

ಬಿಷ್ಣು ನನ್ನ ಕಡೆ ತಿರುಗಿ ಹಿಂದಿಯಲ್ಲಿ, ನೀವೇ ಹೇಳಿ ದೀದಿ ಎಂದ. ನಾನು ಏನೂ ಹೇಳಲಿಲ್ಲ. ಒಳಗೊಳಗೆ ನನಗೂ ಹಾಗೇ ಅನ್ನಿಸಿತ್ತು. ಅವಳು ಗೆಳತಿ, ಹೌದು. ಆದರೆ ಅವಳ ವಾಂತಿಗೆ ನಾನು ಯಾಕೆ ಕಚೇರಿಯ ಕುರ್ಚಿಗೆ ಮರಳಬೇಕು ಎಂಬ ಸಿಟ್ಟು ಬಂದಿತ್ತು. ಲಾನ್ ನನ್ನ ಸುಮ್ಮನಿರುವಿಕೆಯನ್ನು ಕೇಳಿಸಿಕೊಂಡಳು. ಮುಖ ತಿರುಗಿಸಿ ಹೊಳೆ ನೋಡುತ್ತ ಕುಳಿತಳು.

ಅವಳ ಕಣ್ಣು ತಪ್ಪಿಸಲು ನಾನೂ ಹೊಳೆ ನೋಡಿದೆ.

ನಮ್ಮೆದುರಿಗೆ, ಟೊನ್ಲೆ ಸಾಪಿನ ನಡುವೆ, ಮರಳು ತುಂಬಿದ ಒಂದು ದೊಡ್ಡ ಹಡಗು ಲಂಗರು ಹಾಕಿ ನಿಂತಿತ್ತು. ಭಾರಕ್ಕೆ ಅದರ ಹೊಟ್ಟೆಯೆಲ್ಲ ನೀರೊಳಗೆ. ಪಕ್ಕದಲ್ಲೇ ಒಂದು ಖಾಲಿ ಮೀನುದೋಣಿ, ಅದೂ ಮೂತಿಗೆ ಹಗ್ಗ ಕಟ್ಟಿ ಲಂಗರು ಹಾಕಿದ್ದೇ. ಎರಡೂ ಅರ್ಧ ಗಂಟೆಯಿಂದ ನನ್ನ ಕಣ್ಣ ಮುಂದೆಯೇ ಇದ್ದವು. ಮೀನುದೋಣಿಯ ಮೂತಿ ಉತ್ತರಕ್ಕಿತ್ತು. ಹಡಗಿನ ಮೂತಿ ದಕ್ಷಿಣಕ್ಕೆ, ಸಂಗಮದ ಕಡೆಗೆ.

ಮೂತಿಗೆ ಹಗ್ಗ ಕಟ್ಟಿದ ದೋಣಿ ತನ್ನನ್ನು ತಳ್ಳುವುದರ ಕಡೆಗೆ ಮೂತಿ ಮಾಡಿ ನಿಲ್ಲುತ್ತದೆ. ಖಾಲಿ ದೋಣಿಯನ್ನು ತಳ್ಳುತ್ತಿದ್ದದ್ದು ಗಾಳಿ. ನೀರೊಳಗೆ ಹೊಟ್ಟೆ ಇಳಿಬಿಟ್ಟ ಹಡಗನ್ನು ತಳ್ಳುತ್ತಿದ್ದದ್ದು ನೀರು. ಹಾಗಾದರೆ ನೀರು ಸಂಗಮದಿಂದ ಬರುತ್ತಿತ್ತು. ಹೊಳೆ ಇನ್ನೂ ತಿರುಗಿರಲಿಲ್ಲ. ಅಂತರಗಂಗೆ, ತಾವರೆ ಎಲ್ಲ ಗಾಳಿಯ ಮಾತು ಕೇಳಿ ನೀರಿಗೆ ಎದುರಾಗಿ ಹೊರಟಿದ್ದವು.

ಟೊನ್ಲೆ ಸಾಪ್ ಕೊಡುತ್ತಿರಲಿಲ್ಲ, ಒಯ್ಯುತ್ತಿತ್ತು. ಬಂದದ್ದರಲ್ಲಿ ನಾನು ಬರೆದ ನೀರು ಹೋದದ್ದರಲ್ಲಿ ಇರಬೇಕಿತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಇದೂ ಆ ಗಳಿಗೆಯಲ್ಲಿ ತಲೆಗೆ ಬಂತು. ಬಾಸಾಕ್ ಅಳೆಯಲಿ, ತಾಳೆಯಾಗದೆ ಹೋಗಲಿ, ನಾಲ್ವರೂ ನಪಾಸಾಗಲಿ, ಹೆಸರು ಲಾನ್‌ಳದೇ ಕೆಡುತ್ತದೆ. ಬಿಷ್ಣು ಆಗಲೇ ಎದ್ದು ದೋಣಿಯವನನ್ನು ಬಾಸಾಕಿಗೆ ಕರೆಯುತ್ತಿದ್ದ.

“ಬಾಸಾಕ್ ಬೇಡ. ತಪ್ಪಿರುವುದು ನನ್ನ ಹೊಳೆಯಲ್ಲಿ” ಎಂದೆ.

ಬಿಷ್ಣು ನಿಂತಲ್ಲೇ ನಿಂತ. ಹಡಗು ತೋರಿಸಿದೆ. ಅವನು ಒಪ್ಪಲಿಲ್ಲ. ಹಡಗಿನವರು ಎರಡು ಕಡೆ ಲಂಗರು ಹಾಕಿರಬಹುದು, ಮರಳು ತೆಗೆಯಲು ಬೇಕೆಂದೇ ತಿರುಗಿಸಿ ನಿಲ್ಲಿಸಿರಬಹುದು. ಗೆಳತಿಯನ್ನು ಉಳಿಸಲು ಹೀಗೆ ಹೇಳುತ್ತಿದ್ದೀರಿ ಎಂದ. ಅದು ಸುಳ್ಳು, ನಾನು ಅವಳನ್ನು ಉಳಿಸಿರಲಿಲ್ಲ.

ಅಷ್ಟು ಹೊತ್ತು ಮಾತಾಡದಿದ್ದ ಖಾಂಪೆ ಕೇಳಿದ: “ನಿನಗೆ ಖಾತ್ರಿ ಇದೆಯಾ?”

“ಇಲ್ಲ. ಇಲ್ಲಿ ಕುಳಿತರೆ ಆಗುವುದೂ ಇಲ್ಲ.”

ಅವನು ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದು, ಮಿಂಗ್‌ಳ ದೋಣಿಗೆ ಇಳಿದ. ಲಾನ್ ಅವನ ಹಿಂದೆ ಇಳಿದಳು. ದೋಣಿ ಹೊಯ್ದಾಡುವುದೆಂದು ಗೊತ್ತಿದ್ದೂ ಇಳಿದಳು. ಬಿಷ್ಣು ಕೊನೆಗೆ ಬಂದ.

ಮತ್ತೆ ಟೊನ್ಲೆ ಸಾಪ್

ಬೇಕಾದದ್ದು ಇಷ್ಟು: ನೀರೊಳಗೆ ಆಳದಲ್ಲಿ ತೇಲುವ ಒಂದು ದೊಡ್ಡ ವಸ್ತು, ಅದು ಎಲ್ಲಿದೆಯೆಂದು ಮೇಲಿನಿಂದ ತೋರಿಸುವ ಒಂದು ಸಣ್ಣ ಗುರುತು. ಗಾಳಿ ಗುರುತನ್ನು ಹಿಡಿದರೂ ಒಳಗಿನದು ಅದನ್ನು ಎಳೆದೊಯ್ಯಬೇಕು. ಕೊಡ ನೆನಪಾಯಿತು. ಬಾವಿಯಲ್ಲಿ ಮುಳುಗಿದ ತುಂಬಿದ ಕೊಡ ಎತ್ತ ಹೋದರೆ ಹಗ್ಗವೂ ಅತ್ತಲೇ ಹೋಗುತ್ತದೆ.

ಮಿಂಗ್‌ಳ ಹತ್ತಿರ ಕಿರಿದಾದ ಕಂಠದ ಒಂದು ಅಲ್ಯುಮಿನಿಯಂ ಕೊಡ ಇತ್ತು. ಕೈಸನ್ನೆಯಲ್ಲಿ ಕೇಳಿದೆ. ನೀರಡಿಕೆಯಾಗಿದೆ ಎಂದು ತಿಳಿದು ಕುಡಿಯುವ ನೀರು ಕೊಟ್ಟಳು. ಕುಡಿದು, ಮತ್ತೆ ಕೊಡ ತೋರಿಸಿದೆ. ಕೊಟ್ಟಳು. ಹೊಳೆ ನೀರು ತುಂಬಿಸಿ, ಕಂಠಕ್ಕೆ ನೈಲಾನ್ ಹಗ್ಗ ಬಿಗಿದು, ಹಗ್ಗದ ಮೇಲಿನ ತುದಿಗೆ ಮುಚ್ಚಿದ ಖಾಲಿ ಬಾಟಲಿ ಕಟ್ಟಿ ನೀರಿಗೆ ಬಿಟ್ಟೆ. ಒದ್ದೆ ನೈಲಾನ್ ಜಾರಿತು. ಬಾಟಲಿ ಹಗುರಾಗಿ ಮೇಲೆ ಹಾರಿತು, ಕೊಡ ತಳಕ್ಕೆ ಹೋಯಿತು.

ಮಿಂಗ್ ಅಂದು ನನಗೆ ಏನೇನು ಬೈದಳೋ ಖಾಂಪೆಗೆ ಅರ್ಧ ತಿಳಿದಿರಬೇಕು, ಆದರೆ ಅವನು ಹೇಳಲಿಲ್ಲ. ಬಿಷ್ಣು ಸೂರ್ಯನನ್ನು ನೋಡಿದ. ಪಡುವಣ ದಂಡೆಯ ತೆಂಗಿನ ಗಿಡಗಳ ನೆತ್ತಿಗೆ ಬಂದಿತ್ತು. ಲಾನ್ ಒಲೆಯ ಮೇಲಿದ್ದ ಅನ್ನದ ಬೋಗುಣಿ ಎತ್ತಿಕೊಂಡಳು. ಅದರಲ್ಲಿದ್ದ ಅನ್ನವನ್ನು ತಟ್ಟೆಗೆ ಬಗ್ಗಿಸಿ, ಎರಡೂ ಕೈಯಿಂದ ಮಿಂಗ್‌ಳ ಮುಂದೆ ಹಿಡಿದು ತಲೆ ಬಾಗಿಸಿದಳು. ಮಿಂಗ್ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಇದಾದರೂ ಉಳಿಯಲಿ ಎಂಬಂತೆ ಕೈ ಬೀಸಿದಳು.

ಈ ಸಲ ಬಾವಿಯ ಹಗ್ಗಕ್ಕೆ ಅವ್ವ ಹಾಕುವ ಎರಡು ಸುತ್ತಿನ ಕುಣಿಕೆ ಹಾಕಿದೆ. ಬೋಗುಣಿಯ ಎರಡೂ ಕಿವಿಗೆ ಕಟ್ಟಿ, ಹಲ್ಲಿನಿಂದ ಎಳೆದು ಬಿಗಿದೆ.

ನದಿಯ ನಡುವೆ ದೋಣಿ ನಿಲ್ಲಿಸಿ, ಬೋಗುಣಿ ಇಳಿಬಿಟ್ಟೆ. ಅದೇ ಜಾಗದಲ್ಲಿ ಖಾಂಪೆ ಒಂದು ಅಂತರಗಂಗೆಯ ಗಿಡ ಬಿಟ್ಟ. ಬಾಟಲಿ, ಗಿಡ ಎರಡೂ ಪಕ್ಕಪಕ್ಕದಲ್ಲಿ ಕುಣಿದವು. ಗಿಡ ಮೊದಲು ಹೊರಟಿತು, ಸಂಗಮದ ಕಡೆಗೆ. ಬಾಟಲಿ ನಿಂತಲ್ಲೇ ತಲೆಯಾಡಿಸುತ್ತಿತ್ತು. ಒಂದು ಅಲೆ ಬಂದು ಅದನ್ನೂ ಗಿಡದ ಹಿಂದೆ ಒಂದು ಮೊಳ ತಳ್ಳಿತು. ಬಿಷ್ಣು ಗಂಟಲು ಸರಿಮಾಡಿಕೊಂಡ.

ಬಾಟಲಿ ನಿಂತಿತು. ಸುತ್ತಿತು. ಆಮೇಲೆ, ಯಾರೋ ಕೆಳಗಿನಿಂದ ದಾರ ಜಗ್ಗಿದ ಹಾಗೆ, ಸ್ವಲ್ಪ ಓರೆಯಾಗಿ, ಅಲೆಗೆ ಎದುರಾಗಿ ಹೊರಟಿತು. ಉತ್ತರಕ್ಕೆ, ಸರೋವರದ ಕಡೆಗೆ. ಗಾಳಿ ಅದರ ಮುಖಕ್ಕೆ ಹೊಡೆಯುತ್ತಿತ್ತು, ಅದು ನಿಲ್ಲಲಿಲ್ಲ. ನಾಲ್ವರೂ ಉಸಿರು ಬಿಡದೆ ನೋಡುತ್ತಿದ್ದೆವು. ಗಿಡ ಅತ್ತ, ಬಾಟಲಿ ಇತ್ತ. ಇಂಥ ಹೊಳೆಯ ದಂಡೆಗೆ ನಮ್ಮ ಓಣಿ ಇದ್ದಿದ್ದರೆ ವರ್ಷದಲ್ಲಿ ಅರ್ಧ ಕಾಲ ನಮ್ಮ ಪಾವಟಿಗೆಗಳೇ ಮೇಲಿನವಾಗುತ್ತಿದ್ದವು, ಆಗ ಊರಿನವರು ಏನು ಮಾಡುತ್ತಿದ್ದರೋ ಎಂಬ ವಿಚಾರ ಬಂದು ನಗು ಬಂತು. ಬೇರೆಯವರಿಗೆ ಯಾಕೆಂದು ಹೇಳಲಿಲ್ಲ.

ಬೋಗುಣಿಯನ್ನು ಹಿಡಿಯಲು ಮಿಂಗ್ ದೋಣಿಯನ್ನು ಎಂಥ ವೇಗದಲ್ಲಿ ಓಡಿಸಿದಳೆಂದರೆ ಲಾನ್ ಮತ್ತೆ ವಾಂತಿ ಮಾಡಿಕೊಂಡಳು.

ದಂಡೆಗೆ ಬಂದಾಗ ಸೂರ್ಯನ ಕೆಳಗಿನ ಅಂಚು ಗಿಡಗಳಿಗೆ ತಾಗಿತ್ತು. ಟೀಚರು ಮೆಟ್ಟಿಲ ಮೇಲೆ ನಿಂತಿದ್ದರು. ಟೊನ್ಲೆ ಸಾಪ್ ಒಳಗೆ ಬರುವ ಹೊಳೆಯಲ್ಲ, ಹೊರಗೆ ಹೋಗುವ ಹೊಳೆ ಎಂದೆ.

“ಅದು ನಿನಗೆ ಹೇಗೆ ಗೊತ್ತು?”

ಬೋಗುಣಿ, ಬಾಟಲಿ, ಗಿಡ ಎಲ್ಲ ಹೇಳಿದೆ. ಬೆಳಿಗ್ಗೆ ಯಾಕೆ ತಪ್ಪಿದೆ ಎಂದರು. ಮೇಲೆ ತೇಲುವುದನ್ನು ನೋಡಿ ಒಳಗಿನ ನೀರನ್ನು ಹೇಳಿಬಿಟ್ಟೆ ಎಂದೆ. ಅವರು ತಾವೇ ದೋಣಿ ಹತ್ತಿದರು, ಇನ್ನೊಮ್ಮೆ ಬಿಡು ಎಂದರು. ಮಿಂಗ್ ಬೋಗುಣಿಯನ್ನು ಎದೆಗೆ ಅವಚಿಕೊಂಡಳು. ಟೀಚರು ಅವರ ಭಾಷೆಯಲ್ಲಿ ಏನೋ ಹೇಳಿದ ಮೇಲೆ ಕೊಟ್ಟಳು. ಬೋಗುಣಿ ಮತ್ತೆ ಉತ್ತರಕ್ಕೇ ಹೋಯಿತು.

ನನ್ನ ಹೊಳೆಯನ್ನು ಬಂದದ್ದರಿಂದ ತೆಗೆದು ಹೋದದ್ದಕ್ಕೆ ಸೇರಿಸಿ ಕೂಡಿಸಿದರು. ಟೀಚರು ಕೂಡಿಸುವಷ್ಟು ಹೊತ್ತು ಬಿಷ್ಣು ಉಗುರು ಕಚ್ಚುತ್ತಿದ್ದ, ನಾನು ಅವರ ಪೆನ್ನಿನ ತುದಿ ನೋಡುತ್ತಿದ್ದೆ. ಒಪ್ಪುವಷ್ಟು ಅಂತರಕ್ಕೆ ಬಂತು. ಟೀಚರು ತಲೆ ಎತ್ತಿ, ನಾಳೆ ಸ್ವಚ್ಛ ಬಟ್ಟೆ ಹಾಕಿಕೊಂಡು ಬನ್ನಿ, ಫೋಟೊ ತೆಗೆಯುತ್ತಾರೆ ಎಂದರು. ಪಾಸಾದಿರಿ ಎಂಬುದನ್ನು ಅವರು ಹೇಳಿದ ರೀತಿ ಅದು.

ಬಿಷ್ಣು ನಾಲ್ಕು ಲೋಟ ಕಬ್ಬಿನ ಹಾಲು ತಂದ. ಮೊದಲ ಲೋಟವನ್ನು ಲಾನ್‌ಗೆ ಕೊಟ್ಟು, ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದ. ನಾನೂ ಕೇಳಬೇಕಿತ್ತು. ಅವಳ ಪಕ್ಕಕ್ಕೆ ಹೋಗಿ ಕುಳಿತೆ. ಅವಳು ತನ್ನ ಲೋಟದಿಂದ ಕಿತ್ತಳೆಯ ಬೀಜ ತೆಗೆದು ನನ್ನ ಅಂಗೈಗೆ ಇಟ್ಟು, “ಮುಂದಿನ ಸಲ ಬೇಗ ಮಾತಾಡು” ಎಂದಳು. ಮರುದಿನ ಬೆಳಿಗ್ಗೆ ನಾವಿಬ್ಬರೂ ಪೇಟೆಗೆ ಹೋಗಿ ಮಿಂಗ್‌ಗೆ ಒಂದು ಹೊಸ ಕೊಡ ಕೊಂಡೆವು. ಅವಳು ಅದನ್ನು ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು, ಹಳೆಯದರಷ್ಟು ಗಟ್ಟಿಯಿಲ್ಲ ಎಂದು ಮುಖ ಮಾಡಿದಳು.

ರಾಮದುರ್ಗ

ಸವದತ್ತಿಯಲ್ಲಿ ಬಸ್ಸು ಬದಲಿಸಿ ಊರು ಮುಟ್ಟಿದಾಗ ಹನ್ನೆರಡು ಗಂಟೆಯ ಬಿಸಿಲು. ದಾರಿಯಲ್ಲೇ ಮುನವಳ್ಳಿಯ ಕಚೇರಿಗೆ ಇಳಿದು ಸಾಹೇಬರಿಗೆ ಸರ್ಟಿಫಿಕೇಟ್ ತೋರಿಸಿ ಬಂದಿದ್ದೆ. ಅವರು ಎರಡು ಸಲ ಓದಿದರು. ಸೋಮವಾರ ಜೀಪ್ ಆರಕ್ಕೆ ಹೊರಡುತ್ತದೆ, ತಡ ಮಾಡಿದರೆ ಕಾಯುವುದಿಲ್ಲ ಎಂದರು.

ಅವ್ವ ಶಾಲೆಯ ಅಡುಗೆಮನೆಯಲ್ಲಿದ್ದಳು. ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ನನ್ನನ್ನು ಕಂಡು ಸೌಟು ಕೆಳಗಿಟ್ಟಳು. ಮುಖ ನೋಡಿದಳು, ಕೈಕಾಲು ನೋಡಿದಳು. ನಾನು ಚೀಲದಿಂದ ಸರ್ಟಿಫಿಕೇಟ್ ತೆಗೆದು ಕೊಟ್ಟೆ. ಕೈ ಎಣ್ಣೆಯಾಗಿದೆ ಎಂದು ತೊಳೆದು, ಸೆರಗಿನಿಂದ ಒರೆಸಿ, ಮತ್ತೆ ಒಮ್ಮೆ ಒರೆಸಿ ಹಿಡಿದುಕೊಂಡಳು. ಹೆಸರು ಎಲ್ಲಿದೆ ಎಂದಳು. ತೋರಿಸಿದೆ. ಅದರ ಮೇಲೆ ಬೆರಳಿಟ್ಟು ಹಾಗೇ ನಿಂತಳು. ಸೋಮವಾರದಿಂದ ಅಳತೆಯ ಕೆಲಸಕ್ಕೆ ಹಾಕಿದ್ದಾರೆ ಎಂದೆ.

“ಹೊಳಿಗ? ಆಫೀಸಿನ್ಯಾಗ ಅಲ್ಲ?”

“ಅಲ್ಲಬೇ. ಹೊಳಿಗ. ಜೀಪಿನ್ಯಾಗ, ಅವರ ಕೂಡ.”

ಅವಳು ಸರ್ಟಿಫಿಕೇಟನ್ನು ಬೇಳೆಯ ಡಬ್ಬಿಯ ಮೇಲೆ, ಉಗಿ ತಾಗದ ಕಡೆ ನಿಲ್ಲಿಸಿದಳು. ಸೌಟು ತೆಗೆದುಕೊಂಡು ಸಾರು ತಿರುವಿದಳು. ನನ್ನ ಕಡೆ ನೋಡದೆಯೇ ಹೇಳಿದಳು:

“ಹಂಗಾರ ರೊಟ್ಟಿ ಎರಡು ಹೆಚ್ಚಿಗಿ ಕಟ್ಟತೇನಿ. ಕುಂತ ಕೆಲಸಾ ಮಾಡೋರ ಬುತ್ತಿ ಬ್ಯಾರೆ, ಬಿಸಲಾಗ ನಿಂತ ಕೆಲಸಾ ಮಾಡೋರ ಬುತ್ತಿ ಬ್ಯಾರೆ.”